ಎಕ್ಸ್‌ಶೋರೂಮ್‌ಗೂ ಆನ್‌ರೋಡ್‌ಗೂ ನಡುವೆ: ಹೊಸ ಕಾರಿನ ಕೊಟೇಶನ್‌ನಲ್ಲಿ ಏನು ಉಳಿಸಬೇಕು, ಏನು ಹೊಡೆದುಹಾಕಬೇಕು

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಕೋಲಾರದಲ್ಲಾಗಲಿ, ಶೋರೂಮಿಗೆ ಹೋಗಿ ಕೊಟೇಶನ್ ಕೇಳಿದರೆ ಒಂದು ಹಾಳೆ ಕೈಗೆ ಬರುತ್ತದೆ. ಮೇಲ್ಗಡೆ ಎಕ್ಸ್‌ಶೋರೂಮ್, ಅಂದರೆ ಬರೀ ಕಾರಿನ ಬೆಲೆ; ಕೆಳಗಡೆ ಆನ್‌ರೋಡ್, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ. ಕೊಳ್ಳುವವರ ಕಣ್ಣು ಇವೆರಡರ ಮೇಲೇ ಇರುತ್ತದೆ. ಡೀಲರ್ ದುಡಿಯುವುದು ನಡುವಿನ ಸಾಲುಗಳಲ್ಲಿ. ಕಾರು ಮಾರಿದ್ದಕ್ಕೆ ಅವರಿಗೆ ಉಳಿಯುವುದು ಕಡಿಮೆ; ಇನ್ಶೂರೆನ್ಸ್, ಆಕ್ಸೆಸರಿ, ಕೋಟಿಂಗ್, ಸಾಲ ಇವುಗಳಲ್ಲಿ ಗಿಟ್ಟುವುದು ಹೆಚ್ಚು. ಹಾಗಾಗಿ "ನಿಮಗೋಸ್ಕರ 25 ಸಾವಿರ ಡಿಸ್ಕೌಂಟ್" ಎಂದು ಬಲಗೈಯಲ್ಲಿ ಕೊಟ್ಟದ್ದು ಎಡಗೈಯಿಂದ ವಾಪಸ್ ಹೋಗಿರುತ್ತದೆ.

ಎಂಟೂವರೆ ಲಕ್ಷದ, 1.2 ಲೀಟರ್ ಪೆಟ್ರೋಲ್ ಕಾರಿಗೆ ಬರಬಹುದಾದ ಹಾಳೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ:

ಎಕ್ಸ್‌ಶೋರೂಮ್: 8,50,000
ರಸ್ತೆ ತೆರಿಗೆ: 1,32,090
ಆರ್‌ಟಿಒ ಮತ್ತು ಇತರೆ: 6,500
ಇನ್ಶೂರೆನ್ಸ್: 47,500
ಹ್ಯಾಂಡ್ಲಿಂಗ್: 9,500
ಎಸೆನ್ಷಿಯಲ್ ಕಿಟ್: 18,900
ಪೇಂಟ್ ಪ್ರೊಟೆಕ್ಷನ್, ಅಂಡರ್‌ಬಾಡಿ: 12,500
ಎಕ್ಸ್‌ಟೆಂಡೆಡ್ ವಾರಂಟಿ: 14,000
ಫಾಸ್ಟ್ಯಾಗ್: 600
ಒಟ್ಟು: 10,91,590

ಈ ಹಾಳೆಯಲ್ಲಿ 62,600 ರೂಪಾಯಿವರೆಗೆ ಹೊಡೆದುಹಾಕಬಹುದು, ಕಾರಿಗೆ ಏನೂ ಕಮ್ಮಿಯಾಗುವುದಿಲ್ಲ. ಎಲ್ಲಿಂದ ಎಷ್ಟು ಎಂಬುದೇ ಮುಂದಿನ ವಿಷಯ. ಅದಕ್ಕೆ ಮೊದಲು, ಪ್ರತಿ ಸಾಲಿಗೂ ಮೂರು ದಾರಿ ಇವೆ ಎಂಬುದು ತಲೆಯಲ್ಲಿರಲಿ: ಶೋರೂಮಿನಲ್ಲೇ ತೆಗೆದುಕೊಳ್ಳುವುದು, ಹೊರಗೆ ಮಾಡಿಸುವುದು, ಬಿಟ್ಟೇಬಿಡುವುದು. ವೈರಿಂಗ್, ಏರ್‌ಬ್ಯಾಗ್, ವಾರಂಟಿ ಮುಟ್ಟುವಂಥದ್ದು ಶೋರೂಮಿನಲ್ಲೇ ಆಗಲಿ. ಕಾರಿನ ಮೇಲೆ ಹಾಸುವ, ಹೊದಿಸುವ ಸಾಮಾನು ಹೊರಗೆ. ಹಾಕಿದ್ದಾರೋ ಇಲ್ಲವೋ ಎಂದು ನೀವು ಬಗ್ಗಿ ನೋಡಿದರೂ ಗೊತ್ತಾಗದಂಥದ್ದು ಬೇಡವೇ ಬೇಡ.

ಸರ್ಕಾರದ ಸಾಲುಗಳು

ಇಲ್ಲಿ ಚೌಕಾಸಿ ಇಲ್ಲ, ಲೆಕ್ಕ ಮಾತ್ರ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎಂಟೂವರೆ ಲಕ್ಷಕ್ಕೆ ಶೇ 14 ಎಂದರೆ 1,19,000, ಸೆಸ್ 13,090, ಒಟ್ಟು 1,32,090. ಸಣ್ಣಪುಟ್ಟ ಸೆಸ್ ಬಿಟ್ಟರೆ ಹಾಳೆಯಲ್ಲಿ ಇದಕ್ಕಿಂತ ಹೆಚ್ಚು ಇದ್ದರೆ ಯಾಕೆಂದು ಕೇಳಿ. ತೆರಿಗೆ ರಸೀದಿ ನಿಮ್ಮ ಹೆಸರಿಗೇ ಬರುತ್ತದೆ, ಮುಚ್ಚಿಡಲು ಆಗುವುದಿಲ್ಲ.

"ಆರ್‌ಟಿಒ ಮತ್ತು ಇತರೆ" ಎಂಬ ಸಾಲಿನಲ್ಲಿ ಈ "ಇತರೆ"ಯೇ ತಮಾಷೆ. ಕೇಂದ್ರದ ನಿಯಮದಂತೆ ಕಾರಿನ ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200, ಸಾಲ ಮಾಡಿದ್ದರೆ ಹೈಪಾಥಿಕೇಶನ್ (ಕಾರು ಬ್ಯಾಂಕಿಗೆ ಅಡವಿದೆ ಎಂದು) ನಮೂದಿಸಲು 1,500. ಒಟ್ಟು 2,300. ಉಳಿದ 4,200 ಯಾರ ಜೇಬಿಗೆ ಎಂದು ರಸೀದಿ ಕೇಳಿದರೆ ಸಾಮಾನ್ಯವಾಗಿ ಆ ಸಾಲು ತಾನಾಗಿ ಇಳಿಯುತ್ತದೆ. ನಂಬರ್ ಪ್ಲೇಟಿಗೆಂದು ಬೇರೆ ದುಡ್ಡು ಕೇಳುವುದೂ ಉಂಟು. 2019ರ ಏಪ್ರಿಲ್ 1ರಿಂದ ತಯಾರಾದ ಕಾರುಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟನ್ನು ಕಂಪನಿಯೇ ಕೊಡಬೇಕು, ಬೆಲೆ ಕಾರಿನೊಳಗೇ ಸೇರಿದೆ.

10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಾಕುತ್ತಾರೆ. ಇದು ಡೀಲರ್ ತಂತ್ರವಲ್ಲ, ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುವ ಹಣ. ಕೃಷಿ ಆದಾಯ ಮಾತ್ರ ಇರುವ ಟೊಮೆಟೊ, ಮಾವು ಬೆಳೆಗಾರರು ರಿಟರ್ನ್ಸ್ ಹಾಕುವ ಅಭ್ಯಾಸವಿಲ್ಲದೆ ಇದನ್ನು ಬಿಟ್ಟುಬಿಡುತ್ತಾರೆ. 12 ಲಕ್ಷದ ಕಾರಿಗೆ 12 ಸಾವಿರ. ಆ ವರ್ಷ ರಿಟರ್ನ್ಸ್ ಹಾಕಿದರೆ, ತೆರಿಗೆ ಕಟ್ಟಬೇಕಾಗಿಲ್ಲದವರಿಗೆ ಅಷ್ಟೂ ವಾಪಸ್ ಬರುತ್ತದೆ.

10 ಲಕ್ಷದ ಗಡಿಗೆ ಇನ್ನೊಂದು ಮಹತ್ವವೂ ಇದೆ, ಅದನ್ನು ಸೇಲ್ಸ್ ಹುಡುಗರು ಹೇಳುವುದು ಕಡಿಮೆ. 9,95,000ದ ವೇರಿಯಂಟ್‌ಗೆ ಸೆಸ್ ಸೇರಿ ತೆರಿಗೆ ಸುಮಾರು 1,54,600. 10,05,000ದ ವೇರಿಯಂಟ್‌ಗೆ ಸುಮಾರು 1,89,600. ಬೆಲೆಯಲ್ಲಿ 10 ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ 35 ಸಾವಿರ. ಮೇಲಿನ ವೇರಿಯಂಟ್‌ನಲ್ಲಿ ಹೆಚ್ಚಿರುವುದು ಅಲಾಯ್ ಚಕ್ರ, ರಿವರ್ಸ್ ಕ್ಯಾಮೆರಾ ಇಷ್ಟೇ ಆದರೆ ಕೆಳಗಿನದನ್ನು ತೆಗೆದುಕೊಂಡು ಅವನ್ನು ಆಮೇಲೆ ಹಾಕಿಸುವುದೇ ಲಾಭ. ಹೆಚ್ಚಿನ ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಸಿ ಥರದ್ದು ಬರುವುದಾದರೆ ಮಾತು ಬೇರೆ. ಅವನ್ನು ಯಾವ ಅಂಗಡಿಯಲ್ಲೂ ಹಾಕಿಸಲಾಗದು.

ಹ್ಯಾಂಡ್ಲಿಂಗ್ ಚಾರ್ಜ್

ಲಾಜಿಸ್ಟಿಕ್ಸ್, ಡಿಪೋ, ಫೆಸಿಲಿಟೇಶನ್, ಡಾಕ್ಯುಮೆಂಟೇಶನ್: ಹೆಸರು ನೂರು, ದೇವರು ಒಬ್ಬನೇ. ಕಾರ್ಖಾನೆಯಿಂದ ಶೋರೂಮಿನ ಬಾಗಿಲವರೆಗಿನ ಸಾಗಣೆ ಎಕ್ಸ್‌ಶೋರೂಮ್ ಬೆಲೆಯಲ್ಲಿ ಸೇರಿಯಾಗಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಹೀಗೊಂದು ಶುಲ್ಕವೇ ಇಲ್ಲ. ಹೋಲಿಸಿ ನೋಡುವುದಕ್ಕೂ ಇಲ್ಲಿ ಏನಿಲ್ಲ, ಗೆರೆ ಎಳೆಯಿರಿ. ಡೀಲರ್ ಆ ಸಾಲು ತೆಗೆದು ಅಷ್ಟನ್ನೇ ಕಿಟ್‌ಗೆ ಸೇರಿಸಿದ್ದಾರೆಯೇ ಎಂದು ಮಾತ್ರ ಒಟ್ಟು ಮೊತ್ತದಲ್ಲಿ ಪರೀಕ್ಷಿಸಿ.

ಇನ್ಶೂರೆನ್ಸ್: ನಿಜವಾದ ದುಡ್ಡು ಇರುವುದು ಇಲ್ಲಿ

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಇದರ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಂತೆ ಮೂರು ವರ್ಷಕ್ಕೆ 1000 ಸಿಸಿವರೆಗೆ 6,521, 1500 ಸಿಸಿವರೆಗೆ 10,640, ಅದಕ್ಕೂ ಮೇಲೆ 24,596. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಇಷ್ಟೇ. ವ್ಯತ್ಯಾಸ ಬರುವುದು ನಿಮ್ಮ ಕಾರಿನ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಭಾಗದಲ್ಲಿ.

ಅದರ ಲೆಕ್ಕ ಹೀಗೆ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತವೇ ಐಡಿವಿ. ಹೊಸ ಕಾರಿನ ಐಡಿವಿ ಎಂದರೆ ಎಕ್ಸ್‌ಶೋರೂಮ್‌ನಲ್ಲಿ ಶೇ 5 ಕಳೆದದ್ದು: ನಮ್ಮ ಉದಾಹರಣೆಯಲ್ಲಿ 8,07,500. ಹಳೆಯ ಟ್ಯಾರಿಫ್ ಪಟ್ಟಿಯನ್ನೇ ವಿಮಾ ಕಂಪನಿಗಳು ಈಗಲೂ ಅಡಿಪಾಯವಾಗಿ ಇಟ್ಟುಕೊಂಡಿವೆ. ಅದರಲ್ಲಿ ಬೆಂಗಳೂರು ಎ ವಲಯ, ನಮ್ಮ ಮೂರೂ ಜಿಲ್ಲೆ ಬಿ ವಲಯ. 1000ದಿಂದ 1500 ಸಿಸಿಗೆ ಬಿ ವಲಯದ ದರ ಶೇ 3.191, ಅಂದರೆ 25,767 ರೂಪಾಯಿ. ಇದರ ಮೇಲೆ ಎಷ್ಟು ರಿಯಾಯಿತಿ ಕೊಡುತ್ತಾರೆ ಎಂಬುದರಲ್ಲೇ ಆಟವೆಲ್ಲ. ಶೋರೂಮಿನ ಹಾಳೆಯಲ್ಲಿ ಶೇ 20 ರಿಯಾಯಿತಿ ಕೊಟ್ಟು 20,614 ಎಂದಿದ್ದರೆ, ಹೊರಗೆ ಶೇ 60 ಕೊಟ್ಟು 10,307 ಎನ್ನುವವರು ಸಿಗುತ್ತಾರೆ. ಆಡ್‌ಆನ್‌ಗಳಿಗೆ (ಮಾಮೂಲಿ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ಶೋರೂಮಿನಲ್ಲಿ 9,000, ಹೊರಗೆ 4,500 ಎಂದಿಟ್ಟುಕೊಳ್ಳಿ. ಥರ್ಡ್ ಪಾರ್ಟಿ ಸೇರಿಸಿ, ಶೇ 18 ಜಿಎಸ್‌ಟಿ ಹಾಕಿದರೆ ಶೋರೂಮಿನದು 47,500, ಹೊರಗಿನದು 30,000. ಎರಡರಲ್ಲೂ ಅದೇ ಐಡಿವಿ, ಅದೇ ರಕ್ಷಣೆ.

ಹೋಲಿಸುವಾಗ ಐಡಿವಿ ಒಂದೇ ಇದೆಯೇ ಎಂದು ಮೊದಲು ನೋಡಿ. ಹೊರಗಿನವರು ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದೂ ಇದೆ. ಕಾರು ಕಳುವಾದ ದಿನ ಆ ಉಳಿತಾಯ ಅಳಿಸಿಹೋಗುತ್ತದೆ.

ಇನ್ನು ಆಡ್‌ಆನ್‌ಗಳಲ್ಲಿ ಯಾವುದು ಬೇಕು? ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೋ ಡೆಪ್ ಖಂಡಿತ ಬೇಕು. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಶೇ 50 ಸವಕಳಿ ಕಳೆಯುತ್ತಾರೆ. ಎಮ್ಮೆ ಅಡ್ಡ ಬಂದು ಬಂಪರ್ ಒಡೆದು 9,000ದ ಬಿಲ್ಲಾದರೆ 4,500 ನಿಮ್ಮದೇ, ಮೇಲೆ ಕಡ್ಡಾಯ ಕಡಿತ 1,000. ಈಗಿನ ಕಾರಿನ ಮುಂಭಾಗ ಬಹುಪಾಲು ಪ್ಲಾಸ್ಟಿಕ್ಕೇ ಆದ್ದರಿಂದ ಒಂದೇ ಕ್ಲೇಮಿನಲ್ಲಿ ಝೀರೋ ಡೆಪ್ ಅಸಲು ಬರುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮ್ ಎಂಬ ಮಿತಿಯನ್ನು ಓದಿಕೊಳ್ಳಿ.

ಎಂಜಿನ್ ಪ್ರೊಟೆಕ್ಟ್ ಬಗ್ಗೆ "ನಮ್ಮದು ಬಯಲುಸೀಮೆ, ನೀರೆಲ್ಲಿ?" ಎನ್ನುವವರಿದ್ದಾರೆ. ಕೆರೆ ಕೋಡಿ ಬಿದ್ದ ವರ್ಷ, ರೈಲ್ವೆ ಅಂಡರ್‌ಪಾಸಿನಲ್ಲಿ ಮೊಳಕಾಲುದ್ದ ನೀರು ನಿಂತ ರಾತ್ರಿ ಈ ಮಾತು ಸುಳ್ಳಾಗುತ್ತದೆ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರ್ ಒಳಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಪಾಲಿಸಿಯವರು ಅದನ್ನು ತಳ್ಳಿಹಾಕುತ್ತಾರೆ. ಒಂದೆರಡು ಸಾವಿರದೊಳಗೆ ಸಿಕ್ಕರೆ ತೆಗೆದುಕೊಳ್ಳಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಐಡಿವಿಯ ಬದಲು ಬಿಲ್ಲಿನ ಬೆಲೆ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಮೊದಲ ಎರಡು ಮೂರು ವರ್ಷಕ್ಕೆ ಸಾಕು. ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನು ವಾರಂಟಿ ಅವಧಿಯಲ್ಲಿ ಹಲವು ಕಾರು ಕಂಪನಿಗಳೇ ಕೊಡುತ್ತವೆ. ಅಂಥ ಕಡೆ ಪಾಲಿಸಿಯಲ್ಲಿ ಮತ್ತೆ ತೆಗೆದುಕೊಂಡರೆ ಎರಡು ಸಲ ದುಡ್ಡು ಕೊಟ್ಟಂತೆ. ಕೀ ಕವರ್, ಸಾಮಾನು ಕವರ್, ಟೈರ್ ಕವರ್ ಬಿಡಿ.

ಎರಡು ಸಾಲುಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು, ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ. ಬೈಕಿಗೋ ಹಳೆ ಕಾರಿಗೋ ಇದು ಆಗಲೇ ಇದ್ದರೆ, ಅಥವಾ ಅಷ್ಟೇ ಮೊತ್ತದ ಬೇರೆ ಅಪಘಾತ ಪಾಲಿಸಿ ಇದ್ದರೆ, ಮತ್ತೆ ಬೇಕಿಲ್ಲ. ಎರಡು, ಹಳೆ ಕಾರಿನ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ. ಅದು ಕಾರಿನದಲ್ಲ, ನಿಮ್ಮದು. ಶೇ 50ರವರೆಗೆ ಬೆಳೆದಿರಬಹುದು. ಹಳೆ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದಿಟ್ಟರೆ ಮೂರು ವರ್ಷದೊಳಗೆ ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಕಳೆದುಕೊಡುತ್ತಾರೆ. ಎಕ್ಸ್‌ಚೇಂಜ್‌ನಲ್ಲಿ ಹಳೆ ಕಾರು ಕೊಟ್ಟವರು ಆ ಪತ್ರದ ಸುದ್ದಿಯನ್ನೇ ಎತ್ತುವುದಿಲ್ಲ, ಶೋರೂಮಿನವರೂ ನೆನಪಿಸುವುದಿಲ್ಲ.

"ಹೊರಗಿನ ಇನ್ಶೂರೆನ್ಸ್ ಆರ್‌ಟಿಒ ತಗೊಳ್ಳಲ್ಲ", "ಕ್ಯಾಶ್‌ಲೆಸ್ ಸಿಗಲ್ಲ" ಎಂಬ ಮಾತು ಬಂದೇ ಬರುತ್ತದೆ. ಮೊದಲನೆಯದು ಸುಳ್ಳು, ಡೀಲರ್ ಬಳಿಯೇ ವಿಮೆ ಮಾಡಿಸಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ಎರಡನೆಯದು ಅರ್ಧ ಸುಳ್ಳು: ವಿಮಾ ಕಂಪನಿಯ ನೆಟ್‌ವರ್ಕ್ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮೂರಿನ ಸರ್ವೀಸ್ ಸೆಂಟರ್ ಇದೆಯೇ ಎಂದು ನೋಡಿಕೊಂಡರೆ ಮುಗಿಯಿತು. ಹೊರಗೆ ಮಾಡಿಸುವುದಾದರೆ ಪ್ರೊಫಾರ್ಮಾ ಇನ್‌ವಾಯ್ಸ್ (ಮುಂಗಡ ಬಿಲ್), ಚಾಸಿ ನಂಬರ್, ಎಂಜಿನ್ ನಂಬರ್ ಪಡೆದು ನೋಂದಣಿಗೆ ಎರಡು ದಿನ ಮೊದಲೇ ಪಾಲಿಸಿ ಕೊಡಿ. ಎಡವಟ್ಟಾಗುವುದು ಮೂರು ಕಡೆ: ಚಾಸಿ ನಂಬರಿನ 17 ಅಕ್ಷರದಲ್ಲಿ ಒಂದು ತಪ್ಪುವುದು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಬಿಟ್ಟುಹೋಗುವುದು, ಪಾಲಿಸಿ ಶುರುವಾಗುವ ತಾರೀಖು ನೋಂದಣಿಯ ನಂತರಕ್ಕೆ ಬೀಳುವುದು. ತಿದ್ದುಪಡಿಗೆ ದಿನಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮುಹೂರ್ತ ಮೀರಿರುತ್ತದೆ.

ನಮ್ಮ ಸಲಹೆ ಕೇಳಿದರೆ, ಹೊರಗಿನ ಕೋಟ್ ಕೈಯಲ್ಲಿ ಹಿಡಿದು ಶೋರೂಮಿನಲ್ಲೇ ಆ ದರಕ್ಕೆ ಇಳಿಸಿ ತೆಗೆದುಕೊಳ್ಳುವುದು ಉತ್ತಮ. ಎರಡು ಮೂರು ಸಾವಿರ ಹೆಚ್ಚಾದರೂ ಪರವಾಗಿಲ್ಲ. ಕ್ಲೇಮ್ ಬಂದಾಗ ಪಾಲಿಸಿ ಮಾಡಿದವರೂ ರಿಪೇರಿ ಮಾಡುವವರೂ ಒಂದೇ ಸೂರಿನಡಿ ಇರುತ್ತಾರೆ. 17 ಸಾವಿರ ಹೆಚ್ಚಿಗೆ ಕೊಡುವಷ್ಟು ದೊಡ್ಡ ಸುಖವಂತೂ ಅದಲ್ಲ.

ಎಸೆನ್ಷಿಯಲ್ ಕಿಟ್: ಹೆಸರಿಗೆ ಮರುಳಾಗಬೇಡಿ

18,900ರ ಕಿಟ್ ಬಿಚ್ಚಿದರೆ ಮ್ಯಾಟ್, ಮಡ್‌ಫ್ಲ್ಯಾಪ್, ಬಾಡಿ ಕವರ್, ಸೀಟ್ ಕವರ್, ಡೋರ್ ವೈಸರ್, ಸಿಲ್ (ಬಾಗಿಲಿನ ಹೊಸ್ತಿಲು) ಗಾರ್ಡ್, ಒಂದು ಪರ್ಫ್ಯೂಮ್ ಬಾಟಲಿ. ಕಿಟ್ ಅಂತ ಒಟ್ಟಿಗೆ ಕೊಡಬೇಡಿ, ಒಂದೊಂದರ ಬೆಲೆ ಹೇಳಿ ಎಂದು ಕೇಳಿ. ಬೇಕಾದ್ದು ಎರಡೋ ಮೂರೋ ಇರುತ್ತದೆ.

ಮಡ್‌ಫ್ಲ್ಯಾಪ್ ಬೇಕು. ಜಲ್ಲಿ, ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಾಡುವ ಕಾರಿನ ಸಿಲ್ ಮತ್ತು ಹಿಂಬಾಗಿಲ ಕೆಳಗಿನ ಬಣ್ಣ ಉಳಿಯುವುದು ಇದರಿಂದಲೇ. ಕಂಪನಿಯದ್ದು ಬಾಡಿಯ ತೂತುಗಳಿಗೆ ಸರಿಯಾಗಿ ಕೂರುತ್ತದೆ, ಡ್ರಿಲ್ ಮಾಡಬೇಕಿಲ್ಲ. ಇದನ್ನು ಶೋರೂಮಿನಲ್ಲೇ ಕೊಳ್ಳಿ. ಹೊರಗಿನವರು ಸ್ಕ್ರೂ ಹೊಡೆಯಲು ಬಣ್ಣ ಕೊರೆದ ಜಾಗದಿಂದಲೇ ತುಕ್ಕು ಶುರುವಾಗುವುದು.

ಮ್ಯಾಟ್, ಬಾಡಿ ಕವರ್ ಹೊರಗೆ. ಊರಿನ ಆಕ್ಸೆಸರಿ ಅಂಗಡಿಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶೋರೂಮಿನ ಅರ್ಧ ಬೆಲೆಗೆ ಸಿಗುತ್ತವೆ. ಮ್ಯಾಟ್ ವಿಷಯದಲ್ಲಿ ಒಂದು ಎಚ್ಚರ: ಕಂಪನಿಯ ಮ್ಯಾಟ್ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಸಬೇಡಿ. ಮೇಲಿನದು ಜಾರಿ ಆಕ್ಸಿಲರೇಟರ್ ಅಡಿಗೆ ಸೇರಿಕೊಂಡರೆ ಪೆಡಲ್ ಸಿಕ್ಕಿಹಾಕಿಕೊಳ್ಳುತ್ತದೆ. ಡ್ರೈವರ್ ಕಡೆಯ ಕೊಕ್ಕೆಗೆ ಮ್ಯಾಟ್ ತೂತು ಸರಿಯಾಗಿ ಕೂರಬೇಕು.

ಸೀಟ್ ಕವರ್ ಅಂದಕ್ಕಿಂತ ಜೀವದ ಪ್ರಶ್ನೆ. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಸಾಮಾನ್ಯವಾಗಿ ಮುಂದಿನ ಸೀಟಿನ ಬದಿಯಿಂದ, ಹೊಲಿಗೆ ಸೀಳಿಕೊಂಡು ಹೊರಬರುತ್ತದೆ. ಸೀಟಿನ ಪಕ್ಕದಲ್ಲಿ "ಏರ್‌ಬ್ಯಾಗ್" ಎಂಬ ಪುಟ್ಟ ಚೀಟಿ ಇದೆಯೇ ನೋಡಿ. ಇದ್ದರೆ ಸುತ್ತಲೂ ಬಿಗಿಯಾಗಿ ಹೊಲಿದ ರೆಕ್ಸಿನ್ ಕವರ್ ಅದನ್ನು ತಡೆಯುತ್ತದೆ. ಹಾಕಲೇಬೇಕೆಂದರೆ ಆ ಜಾಗ ಬಿಟ್ಟು ಹೊಲಿದ, ಕಂಪನಿಯೇ ಒಪ್ಪಿದ ಕವರ್ ಹಾಕಿ. ಇಲ್ಲವೆಂದರೆ ಬಟ್ಟೆಯ ಸೀಟನ್ನೇ ಬಿಡಿ; ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಅದೇ ಹಿತ.

ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಯಾರು ಮಾರಿದರೂ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಹೊಡೆತವನ್ನು ಚಾಸಿಗೆ ನೇರ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ಕೆಡಿಸುತ್ತದೆ. ಕಪ್ಪು ಫಿಲ್ಮ್ ಕೂಡ ಅಷ್ಟೇ: 2012ರ ಸುಪ್ರೀಂ ಕೋರ್ಟ್ ಆದೇಶ ತೋರಿಸಿ ಪೊಲೀಸರು ದಂಡ ಹಾಕುವಾಗ, ಫಿಲ್ಮ್ ಮಾರಿದವರು ಪಕ್ಕದಲ್ಲಿರುವುದಿಲ್ಲ.

ಸ್ಟೀರಿಯೋ, ಕ್ಯಾಮೆರಾ, ಫಾಗ್ ಲ್ಯಾಂಪ್ ಇವು ವೈರಿಂಗ್ ಮುಟ್ಟುವಂಥವು. ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಎಲೆಕ್ಟ್ರಿಕಲ್ ವಾರಂಟಿಗೆ ಎಳ್ಳುನೀರು. ಶೋರೂಮಿನಲ್ಲಿ ಹಾಕಿಸಿದರೂ ಕಂಪನಿಯ ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬರಲಿ. ಕೆಲ ಶೋರೂಮುಗಳು ಹೊರಗಿನ ಮಾಲನ್ನೇ ತಂದು ತಮ್ಮ ಬೆಲೆಗೆ ಹಾಕುತ್ತವೆ. ಆಗ ಬೆಲೆಯೂ ಹೆಚ್ಚು, ವಾರಂಟಿಯೂ ಇಲ್ಲ.

ಕೋಟಿಂಗ್‌ಗಳು

ಕಾರಿನ ತಳಕ್ಕೆ ಹೊಡೆಯುವ ಅಂಡರ್‌ಬಾಡಿ ಕೋಟಿಂಗ್ ಕರಾವಳಿಯ ಉಪ್ಪುಗಾಳಿಗೆ ಹೇಳಿದ ಮಾತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕಾರು ಮುದಿಯಾಗುವುದು ಬಿಸಿಲಿಗೆ ಮತ್ತು ಧೂಳಿಗೆ, ತುಕ್ಕಿಗಲ್ಲ. ಕಾರ್ಖಾನೆಯಲ್ಲಿ ಬಾಡಿಯನ್ನು ಪೂರ್ತಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಪ್ರೈಮರ್ ಹಿಡಿಸಿರುತ್ತಾರೆ. ಕೀಲುಗಳಿಗೆ ಸೀಲಂಟ್, ತಳದಲ್ಲಿ ಪೆಟ್ಟು ಬೀಳುವಲ್ಲಿ ಪಿವಿಸಿ ಪದರ ಬಳಿದಿರುತ್ತಾರೆ. ಅದರ ಮೇಲೆ ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಅವಸರದಲ್ಲಿ ಹೊಡೆಯುವ ಕಪ್ಪು ಸ್ಪ್ರೇ ಲಾಭಕ್ಕಿಂತ ನಷ್ಟ ಮಾಡಬಹುದು. ಬಾಗಿಲು ಮತ್ತು ಸಿಲ್‌ನ ತಳದಲ್ಲಿ ನೀರಿಳಿಯಲೆಂದು ಬಿಟ್ಟ ತೂತುಗಳನ್ನು ಅದು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ತಡೆಯಲು ಹೋಗಿ ತುಕ್ಕು ಹಿಡಿಸಿದಂತೆ. ಸೈಲೆನ್ಸರ್ ಮೇಲೆ ಬಿದ್ದರೆ ಮೊದಲ ವಾರವೆಲ್ಲ ಸುಟ್ಟ ವಾಸನೆ.

ಟೆಫ್ಲಾನ್ ಎಂದು ಮಾರುವ ಪೇಂಟ್ ಪ್ರೊಟೆಕ್ಷನ್ ಹೆಚ್ಚೆಂದರೆ ಒಳ್ಳೆಯ ವ್ಯಾಕ್ಸ್‌ನಷ್ಟು, ಕೆಲವೇ ತಿಂಗಳ ಮಾತು. ಮಾಡಿದ್ದಾರೋ ಬರೀ ಒರೆಸಿ ಕೊಟ್ಟರೋ ಹೇಳುವುದು ಕಷ್ಟ. ಒಂದು ಡಬ್ಬಿ ವ್ಯಾಕ್ಸ್ ತಂದು ನಾಲ್ಕು ತಿಂಗಳಿಗೊಮ್ಮೆ ಮನೆಯಲ್ಲೇ ಹಚ್ಚಿದರೂ ಅದೇ ಹೊಳಪು. ಸೆರಾಮಿಕ್ ಕೋಟಿಂಗ್ ಬೇಕೇಬೇಕೆಂದರೆ ಕಾರು ತೊಳೆದು ಹೊಳಪು ಕೊಡುವ ಡೀಟೇಲಿಂಗ್ ಅಂಗಡಿಯಲ್ಲಿ ಮಾಡಿಸಿ. ಕೋಟಿಂಗಿಗಿಂತ ಅದಕ್ಕೆ ಮೊದಲು ಬಣ್ಣವನ್ನು ತೊಳೆದು, ಉಜ್ಜಿ, ಒಣಗಿಸುವ ತಯಾರಿಯೇ ಮುಖ್ಯ, ಡೆಲಿವರಿಯ ಗಡಿಬಿಡಿಯಲ್ಲಿ ಅದು ಆಗುವ ಮಾತಲ್ಲ.

ನಮ್ಮ ಕಡೆ ಬಣ್ಣದ ನಿಜವಾದ ಶತ್ರು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಬಿಸಿಲಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತದೆ, ಸೆರಾಮಿಕ್ ಮೇಲೂ ಕೂರುತ್ತದೆ. ಸಂಜೆ ನೆರಳಲ್ಲಿ ತೊಳೆದು ಮೈಕ್ರೋಫೈಬರ್ ಬಟ್ಟೆಯಲ್ಲಿ ತಕ್ಷಣ ಒರೆಸಿ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಬಕೆಟ್ ಅದರದ್ದಾಗಲಿ. 12,500ರ ಪ್ಯಾಕೇಜು ಮಾಡದ ಕೆಲಸವನ್ನು 300 ರೂಪಾಯಿಯ ಬಟ್ಟೆ ಮಾಡುತ್ತದೆ.

ಎಕ್ಸ್‌ಟೆಂಡೆಡ್ ವಾರಂಟಿ: ಮೊದಲು ನಿಮ್ಮ ಕಿಲೋಮೀಟರ್ ಎಣಿಸಿ

ಇದನ್ನು ಕಣ್ಣುಮುಚ್ಚಿ ಹೊಡೆದುಹಾಕಬೇಡಿ. ಟರ್ಬೊ, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ದೊಡ್ಡ ಸ್ಕ್ರೀನ್ ಇರುವ ಕಾರಿಗೆ ಒಂದೇ ರಿಪೇರಿಯಲ್ಲಿ ಅಸಲು ಹುಟ್ಟಬಹುದು. ಆದರೆ ಎಷ್ಟು ವರ್ಷ ಎಂಬುದರ ಜೊತೆ ಎಷ್ಟು ಕಿಲೋಮೀಟರ್ ಎಂದೂ ನೋಡಿ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿಬರುವವರು 140 ಕಿಲೋಮೀಟರ್ ಓಡಿಸಿದರೆ, 250 ಕೆಲಸದ ದಿನಕ್ಕೆ ವರ್ಷಕ್ಕೆ 35,000. ಒಂದು ಲಕ್ಷ ಕಿಲೋಮೀಟರ್ ಮಿತಿ ಮೂರು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ವರ್ಷ ಮಾತ್ರ ಹೆಚ್ಚಿಸಿ ಕಿಲೋಮೀಟರ್ ಹೆಚ್ಚಿಸದ ಪ್ಲಾನ್ ಇವರಿಗೆ ಬರೀ ಕಾಗದ. ವಾರಕ್ಕೊಮ್ಮೆ ಸಂತೆ, ತಿಂಗಳಿಗೊಮ್ಮೆ ಊರು ಎನ್ನುವವರಿಗೆ ಉಲ್ಟಾ: ಕಿಲೋಮೀಟರ್ ಬೇಡ, ವರ್ಷ ಬೇಕು.

ಡೆಲಿವರಿ ದಿನವೇ ಕೊಳ್ಳಬೇಕೆಂಬ ಅವಸರವೂ ಇಲ್ಲ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವವರೆಗೆ ಕೊಳ್ಳಬಹುದು. ತಡವಾದಷ್ಟೂ ಬೆಲೆ ಏರುತ್ತದೆ ಅಷ್ಟೆ. ಕಾರು ಕಂಪನಿಯದ್ದೇ ಪ್ಲಾನ್ ಆಗಿರಲಿ, ವಾರಂಟಿ ಪತ್ರದಲ್ಲಿ ಕಂಪನಿಯ ಹೆಸರಿರಲಿ. ಬೇರೆ ಯಾರದೋ ಹೆಸರಿದ್ದರೆ ಅದು ಬೇರೆ ಊರಿನಲ್ಲಿ ನಡೆಯುವ ಖಾತರಿ ಇಲ್ಲ.

ಸಾಲದೊಳಗೆ ಸೇರಿಸಿದ ಆಕ್ಸೆಸರಿ

"ಇಎಂಐಯಲ್ಲಿ 640 ರೂಪಾಯಿ ಜಾಸ್ತಿ ಆಗುತ್ತೆ ಅಷ್ಟೇ ಸರ್" ಎಂದರೆ ಲೆಕ್ಕ ಹಾಕಿ. 40 ಸಾವಿರದ ಆಕ್ಸೆಸರಿಯನ್ನು ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲಕ್ಕೆ ಸೇರಿಸಿದರೆ ಕೊನೆಗೆ 54 ಸಾವಿರ ಕಟ್ಟಿರುತ್ತೀರಿ, ಅಷ್ಟರಲ್ಲಿ ಸೀಟ್ ಕವರ್ ಹರಿದಿರುತ್ತದೆ. ಬಡ್ಡಿದರ ಫ್ಲಾಟೋ (ಮೂಲ ಸಾಲದ ಮೇಲೆ ಕೊನೆವರೆಗೂ) ರೆಡ್ಯೂಸಿಂಗೋ (ಉಳಿದ ಬಾಕಿಯ ಮೇಲೆ ಮಾತ್ರ) ಕೇಳಿ. ಐದು ವರ್ಷಕ್ಕೆ ಶೇ 7 ಫ್ಲಾಟ್ ಎಂದರೆ ರೆಡ್ಯೂಸಿಂಗ್‌ನಲ್ಲಿ ಶೇ 12.5 ಆಯಿತು, ನಿಮ್ಮ ಸಂಬಳದ ಖಾತೆಯಿರುವ ಬ್ಯಾಂಕು ಶೇ 9ಕ್ಕೆ ಕೊಡುತ್ತಿದ್ದರೆ ಶೋರೂಮಿನ 7 ಅಗ್ಗವಲ್ಲ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲದ ಜೊತೆ ಕೀ ಫ್ಯಾಕ್ಟ್ಸ್ ಹಾಳೆ ಕೊಡಲೇಬೇಕು. ಅದರಲ್ಲಿ ವಾರ್ಷಿಕ ಶೇಕಡಾವಾರು ದರ ಎಂಬ ಸಾಲು ಹುಡುಕಿ, ಎರಡು ಕಡೆಯದನ್ನು ಅದರಿಂದಲೇ ತೂಗಿ. ಸಾಲಕ್ಕೆ ಸೇರಿಸಿದ ಜೀವವಿಮೆ ಇದ್ದರೆ ಅದು ಕಡ್ಡಾಯವಲ್ಲ.

ಇಲ್ಲೋ ಬೆಂಗಳೂರಿನಲ್ಲೋ

ರಸ್ತೆ ತೆರಿಗೆ ರಾಜ್ಯದಾದ್ಯಂತ ಒಂದೇ. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಆರ್‌ಟಿಒದಲ್ಲಿ ನೋಂದಣಿ ಮಾಡಿಸಬಹುದು. ಹಾಗಾಗಿ ಬೆಂಗಳೂರಿನಲ್ಲಿ ಕೊಂಡು ಕೆಎ 06, 07 ಅಥವಾ 40 ಬೇಕೆಂದರೆ ಅದಕ್ಕೆ "ಔಟ್‌ಸ್ಟೇಷನ್" ಎಂದು ಏಳೆಂಟು ಸಾವಿರ ಕೊಡುವ ಬದಲು ಅಲ್ಲಿನ ನಂಬರನ್ನೇ ಇಟ್ಟುಕೊಳ್ಳಿ, ಅಥವಾ ಆ ಸಾಲನ್ನು ತೆಗೆಸಿ. ಬೆಂಗಳೂರಿನಲ್ಲಿ ಒಂದೇ ಕಂಪನಿಗೆ ಹತ್ತಾರು ಡೀಲರ್‌ಗಳಿರುವುದರಿಂದ ಪೈಪೋಟಿ ಹೆಚ್ಚು; ನಮ್ಮೂರುಗಳಲ್ಲಿ ಒಬ್ಬರೋ ಇಬ್ಬರೋ. ವಾರಂಟಿ, ಫ್ರೀ ಸರ್ವೀಸ್ ಎಲ್ಲಿ ಕೊಂಡರೂ ಎಲ್ಲ ಕಡೆ ನಡೆಯುತ್ತದೆ. ಅಲ್ಲಿಂದ ಎರಡು ಕೊಟೇಶನ್ ಮೇಲ್‌ನಲ್ಲಿ ತರಿಸಿ ಊರಿನ ಶೋರೂಮಿನ ಮುಂದಿಟ್ಟರೆ ಅರ್ಧ ಕೆಲಸ ಆದಂತೆ. ಹೊಸೂರು, ಹಿಂದೂಪುರದಲ್ಲಿ ತೆರಿಗೆ ಕಡಿಮೆ ಎಂದು ಆಸೆಪಡಬೇಡಿ. ಕಾರು ಇಟ್ಟು ಓಡಿಸುವುದು ಇಲ್ಲಾದರೆ ತೆರಿಗೆ ಕಟ್ಟಬೇಕಾದ್ದೂ ಇಲ್ಲೇ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಆಷಾಢದಲ್ಲಿ ಶೋರೂಮು ಖಾಲಿ, ತಿಂಗಳ ಕೊನೆಯ ವಾರ ಟಾರ್ಗೆಟ್ ತುಂಬಿರುವುದಿಲ್ಲ. ಆಗ ಕಿಟ್ ಇಲ್ಲದೆಯೂ ಕಾರು ಕೊಡುತ್ತಾರೆ. ಆಷಾಢದಲ್ಲಿ ಬುಕ್ ಮಾಡಿ, ಬೆಲೆ ಬರೆಸಿಕೊಂಡು, ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಂಡರೆ ಅಜ್ಜಿಗೂ ಬೇಸರವಿಲ್ಲ. ಬೆಲೆ ಡೆಲಿವರಿ ದಿನದ್ದೋ ಬುಕಿಂಗ್ ದಿನದ್ದೋ ಎಂದು ಫಾರಂನಲ್ಲಿ ನೋಡಿಕೊಳ್ಳಿ. ಆಯುಧಪೂಜೆಯ ಹಿಂದಿನ ದಿನ ಚೌಕಾಸಿಗೆ ಹೋಗುವುದು ಜಾತ್ರೆಯಲ್ಲಿ ಬಳೆ ಬೆಲೆ ಕೇಳಿದಂತೆ.

ಹೇಳಬೇಕಾದ ಮಾತು

ಬುಕಿಂಗ್ ಫಾರಂನಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ಬೇಡದ ಸಾಲಿಗೆ ಗೆರೆ ಎಳೆದು, "ಆಕ್ಸೆಸರಿ, ಕೋಟಿಂಗ್ ಬೇಡ" ಎಂದು ಕೈಬರಹದಲ್ಲಿ ಬರೆದು, ಸಹಿ ಹಾಕಿಸಿ, ಫೋಟೊ ತೆಗೆದುಕೊಳ್ಳಿ. ಹಣ ಶೋರೂಮಿನ ಬ್ಯಾಂಕ್ ಖಾತೆಗೇ ಹೋಗಲಿ; 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಅವರಿಗೂ ಕಾನೂನುಬಾಹಿರ.

ಆಮೇಲೆ ಸಂಭಾಷಣೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಸರ್, ಕಿಟ್ ತಗೊಳ್ದೆ ಹೋದ್ರೆ ಗಾಡಿ ಲೇಟಾಗುತ್ತೆ."
"ಹಂಗಂತ ಒಂದು ಮೇಲ್ ಹಾಕ್ಬಿಡಿ, ಸಾಕು."
"ಅಯ್ಯೋ ಮೇಲ್ ಯಾಕೆ ಸರ್... ಮ್ಯಾನೇಜರ್ ಹತ್ರ ಮಾತಾಡ್ತೀನಿ ಇರಿ."

ಮೇಲ್‌ನಲ್ಲಿ ಬರೆಯಲು ಹಿಂಜರಿಯುವುದಕ್ಕೆ ಕಾರಣವಿದೆ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕು ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ. "ಗಾಡಿಗೆ ಆಗಲೇ ಹಾಕಿಬಿಟ್ಟಿದ್ದೇವೆ" ಎಂದರೆ ಎರಡೇ ಉತ್ತರ: ತೆಗೆಯಿರಿ, ಅಥವಾ ಬಿಲ್ಲಿಲ್ಲದೆ ಬಿಡಿ. ಅಂಟು ಹಚ್ಚಿದ ಸಿಲ್ ಗಾರ್ಡ್ ಕಿತ್ತರೆ ಬಣ್ಣಕ್ಕೆ ಕಲೆಯಾಗುವುದರಿಂದ ಅವರೇ ಎರಡನೆಯದಕ್ಕೆ ಒಪ್ಪುತ್ತಾರೆ. ಸಿಟ್ಟು ಬೇಡ, ಸೇಲ್ಸ್ ಹುಡುಗನಿಗೂ ತಿಂಗಳ ಆಕ್ಸೆಸರಿ ಟಾರ್ಗೆಟ್ ಇರುತ್ತದೆ. ಮಡ್‌ಫ್ಲ್ಯಾಪ್ ಅವನ ಬಳಿಯೇ ಕೊಂಡರೆ ಉಳಿದದ್ದಕ್ಕೆ ಅವನೇ ದಾರಿ ಮಾಡುತ್ತಾನೆ.

ಬಗ್ಗದಿದ್ದರೆ ಕಾರು ಕಂಪನಿಯ ಗ್ರಾಹಕ ಸೇವೆಗೆ ಕೊಟೇಶನ್ ಸಮೇತ ಮೇಲ್, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿಮೆಯ ಬಲವಂತವಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಹಣ ಕೊಟ್ಟಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಇ-ಜಾಗೃತಿ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. 5 ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ.

ಡೆಲಿವರಿ ಬೆಳಿಗ್ಗೆ ಎಲ್ಲರ ಗಮನ ಹಾರ, ಕುಂಕುಮ, ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಇರುವಾಗಲೇ ಸಹಿಗೆ ಒಂದು ಕಟ್ಟು ಕಾಗದ ಬರುತ್ತದೆ. ಒಬ್ಬರು ಪೂಜೆಗೆ ನಿಲ್ಲಲಿ, ಇನ್ನೊಬ್ಬರು ಕಾಗದಕ್ಕೆ. ಕಾರಿನ ಟ್ಯಾಕ್ಸ್ ಇನ್‌ವಾಯ್ಸ್, ಆಕ್ಸೆಸರಿಯ ಬೇರೆ ಬಿಲ್, ವಿಮಾ ಪಾಲಿಸಿ, ತೆರಿಗೆ ಮತ್ತು ನೋಂದಣಿ ರಸೀದಿ, ವಾರಂಟಿ ಪುಸ್ತಕ ಒಂದೊಂದಾಗಿ ಎಣಿಸಿಕೊಳ್ಳಿ. ಇವುಗಳ ಮೊತ್ತ ಕೂಡಿಸಿದರೆ ನೀವು ಕಟ್ಟಿದ ಹಣಕ್ಕೆ ಸರಿಹೋಗಬೇಕು. ಉಳಿದದ್ದು ಹ್ಯಾಂಡ್ಲಿಂಗ್ ಆಗಿ ಎಲ್ಲೋ ಅಡಗಿರುತ್ತದೆ. ಮತ್ತೆ ಎರಡನೇ ಕೀ. ಅದನ್ನು ಕೇಳಿ ಪಡೆಯಿರಿ.